ಪ್ರಶ್ನೋತ್ತರ: ಮನೆಯೊಳಗಿನ ಇಂಟರ್‌ನೆಟ್ ವೇಗ, ತಂತಿ ಮತ್ತು ವೈ-ಫೈ

ನೆಟ್‌ವರ್ಕ್ ತಂತ್ರಜ್ಞ: ಎಲ್ಲರಿಗೂ ನಮಸ್ಕಾರ. ಮನೆಯೊಳಗೆ ಇಂಟರ್‌ನೆಟ್ ನಿಧಾನವಾಗಿದೆ ಎಂಬ ದೂರುಗಳಿಗೆ ಇಂದು ಇಲ್ಲಿಯೇ ಉತ್ತರಿಸುತ್ತೇನೆ. ಪ್ರಶ್ನೆ ಬರೆಯುವ ಮೊದಲು ದಯವಿಟ್ಟು ಲ್ಯಾಪ್‌ಟಾಪನ್ನು ಕೇಬಲ್ ಮೂಲಕ ನೇರವಾಗಿ ರೂಟರ್‌ಗೆ ಜೋಡಿಸಿ ವೇಗ ಅಳೆಯಿರಿ, ಆಮೇಲೆ ಅದೇ ಲ್ಯಾಪ್‌ಟಾಪನ್ನು ತೊಂದರೆಯಿರುವ ಕೋಣೆಗೆ ಒಯ್ದು ವೈ-ಫೈಯಲ್ಲಿ ಅಳೆಯಿರಿ. ಮೊದಲ ಅಳತೆಯೇ ಕಡಿಮೆ ಬಂದರೆ ಸಂಪರ್ಕ ಕೊಟ್ಟವರನ್ನು ಕೇಳಬೇಕು. ಎರಡನೆಯದು ಮಾತ್ರ ಕಡಿಮೆ ಬಂದರೆ ತೊಂದರೆ ಮನೆಯೊಳಗೇ ಇದೆ. ಈ ಎರಡು ಸಂಖ್ಯೆಗಳನ್ನು ಪ್ರಶ್ನೆಯಲ್ಲಿ ಬರೆಯಿರಿ.

ಮನೆಯಿಂದ ಕೆಲಸ ಮಾಡುವ ಸದಸ್ಯೆ: ಸರ್, ನಾವು ಹಣ ಕಟ್ಟುತ್ತಿರುವುದು 100 ಎಂಬಿಪಿಎಸ್‌ಗೆ. ಕಡತ ಇಳಿಸುವಾಗ ಕಂಪ್ಯೂಟರ್ ಮಾತ್ರ ಸೆಕೆಂಡಿಗೆ 12 ಎಂದು ತೋರಿಸುತ್ತದೆ. ನಮಗೆ ಮೋಸವಾಗುತ್ತಿದೆಯೇ?

ನೆಟ್‌ವರ್ಕ್ ತಂತ್ರಜ್ಞ: ಇಲ್ಲ. ಸಂಪರ್ಕದ ವೇಗವನ್ನು ಬಿಟ್‌ಗಳಲ್ಲಿ ಹೇಳುತ್ತಾರೆ (ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್), ಇಳಿಸುವ ತಂತ್ರಾಂಶ ಬೈಟ್‌ಗಳಲ್ಲಿ ತೋರಿಸುತ್ತದೆ. ಎಂಟು ಬಿಟ್‌ಗೆ ಒಂದು ಬೈಟ್. 100 ಅನ್ನು ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 12.5 ಮೆಗಾಬೈಟ್. ನಿಮ್ಮ ಸಂಪರ್ಕ ಸರಿಯಾಗಿದೆ.

ನಿವೃತ್ತ ಶಿಕ್ಷಕರು: ರೂಟರನ್ನು ಮನೆಯಲ್ಲಿ ಎಲ್ಲಿ ಇಡುವುದು ಸೂಕ್ತ?

ನೆಟ್‌ವರ್ಕ್ ತಂತ್ರಜ್ಞ: ಮನೆಯ ಮಧ್ಯಭಾಗದಲ್ಲಿ, ಎದೆಯೆತ್ತರಕ್ಕಿಂತ ಮೇಲೆ, ತೆರೆದ ಜಾಗದಲ್ಲಿ. ಕಬ್ಬಿಣದ ಬೀರು, ದೊಡ್ಡ ಕನ್ನಡಿ, ನೀರಿನ ತೊಟ್ಟಿ, ಮೈಕ್ರೋವೇವ್ ಒಲೆ ಇವುಗಳ ಪಕ್ಕದಲ್ಲಿ ಬೇಡ. ಟಿವಿಯ ಹಿಂದೆ ಅಡಗಿಸಿಡುವುದಂತೂ ಬೇಡವೇ ಬೇಡ.

ಮೇಲ್ಮಹಡಿಯ ಸದಸ್ಯರು: ಸರ್, ನನ್ನದು 300 ಎಂಬಿಪಿಎಸ್ ಸಂಪರ್ಕ. ಕೆಳಗೆ ರೂಟರ್ ಎದುರಿಗೆ ಕುಳಿತು ವೈ-ಫೈಯಲ್ಲಿ ಅಳೆದರೆ 280 ಬರುತ್ತದೆ. ಮೇಲ್ಮಹಡಿಗೆ ಗೋಡೆಯೊಳಗಿನಿಂದ ಕೇಬಲ್ ಎಳೆಸಿದ್ದೇನೆ, ಅಲ್ಲಿ ಮಾತ್ರ ಯಾವ ಹೊತ್ತಿನಲ್ಲಿ ಅಳೆದರೂ 94. ಒಮ್ಮೆಯೂ 95 ಆಗಿಲ್ಲ, 90ಕ್ಕೆ ಇಳಿದದ್ದೂ ಇಲ್ಲ. ತಂತಿಗಿಂತ ಗಾಳಿಯೇ ವೇಗವಾಗಿದೆ ಎಂದರೆ ಏನರ್ಥ?

ನೆಟ್‌ವರ್ಕ್ ತಂತ್ರಜ್ಞ: ಇಷ್ಟು ಚೆನ್ನಾಗಿ ಅಳೆದು ಬರೆದಿದ್ದಕ್ಕೆ ಧನ್ಯವಾದ, ಆ 94 ಎಂಬ ಸಂಖ್ಯೆಯೇ ರೋಗವನ್ನು ಹೇಳುತ್ತಿದೆ. ವೈ-ಫೈ ತೊಂದರೆಯಾದರೆ ಸಂಖ್ಯೆ ಏರಿಳಿಯುತ್ತದೆ. ಒಂದೇ ಕಡೆ ಮೊಳೆ ಹೊಡೆದ ಹಾಗೆ ನಿಂತರೆ ಎರಡು ಸಾಧನಗಳ ನಡುವಿನ ಜೋಡಣೆಯೇ 100 ಎಂಬಿಪಿಎಸ್‌ಗೆ ಇಳಿದಿದೆ ಎಂದರ್ಥ, ಅದರಲ್ಲಿ ವಿಳಾಸ ಮತ್ತಿತರ ಹೊರೆ ಕಳೆದು ಬಳಕೆಗೆ ಸಿಗುವುದು ಹೆಚ್ಚೆಂದರೆ ಆ 94 ಮಾತ್ರ.

ಕೇಬಲ್‌ನೊಳಗೆ ಎಂಟು ತಂತಿಗಳಿವೆ, ಎರಡೆರಡು ಹೆಣೆದುಕೊಂಡು ನಾಲ್ಕು ಜೋಡಿಗಳು. 100 ಎಂಬಿಪಿಎಸ್ ಜೋಡಣೆಗೆ ಎರಡು ಜೋಡಿ ಸಾಕು. 1999ರಲ್ಲಿ ಬಂದ ಗಿಗಾಬಿಟ್ (1000 ಎಂಬಿಪಿಎಸ್) ಮಾನದಂಡಕ್ಕೆ ನಾಲ್ಕೂ ಬೇಕು. ಸಾಮಾನ್ಯವಾಗಿ ಬಳಸುವ ಬಣ್ಣದ ಕ್ರಮದಲ್ಲಿ ಕಿತ್ತಳೆ ಮತ್ತು ಹಸಿರು ಜೋಡಿಗಳು ಸರಿಯಿದ್ದು ನೀಲಿ ಅಥವಾ ಕಂದು ಜೋಡಿಯಲ್ಲಿ ಒಂದೇ ಒಂದು ತಂತಿ ಕೂಡಿಕೊಳ್ಳದಿದ್ದರೂ ಹೆಚ್ಚಿನ ಸಾಧನಗಳಲ್ಲಿ ಜೋಡಣೆ ಕಡಿದುಹೋಗುವುದಿಲ್ಲ, ಸದ್ದಿಲ್ಲದೆ 100ಕ್ಕೆ ಇಳಿದು ಕೆಲಸ ಮಾಡುತ್ತಲೇ ಇರುತ್ತದೆ. ಹಾಗಾಗಿ ವರ್ಷಗಟ್ಟಲೆ ಯಾರ ಗಮನಕ್ಕೂ ಬಾರದೆ ಹೋಗಬಹುದು.

ಮೊದಲು ಎರಡೂ ತುದಿಯ ಪ್ಲಗ್ಗುಗಳನ್ನು ಕಿತ್ತು ಬೆಳಕಿಗೆ ಹಿಡಿದು ನೋಡಿ. ಎಂಟು ತಂತಿಗಳ ತುದಿಗಳೂ ಪ್ಲಗ್ಗಿನ ಮುಂಭಾಗಕ್ಕೆ ತಾಗಿ ಹೊಳೆಯುತ್ತಿರಬೇಕು. ಒಂದು ತಂತಿ ಹಿಂದೆ ಉಳಿದಿದ್ದರೆ ಪ್ಲಗ್ಗಿನ ಲೋಹದ ಹಲ್ಲು ಅದನ್ನು ಕಚ್ಚದೇ ಇರಬಹುದು. ಬಣ್ಣದ ಕ್ರಮ ಎರಡೂ ಕಡೆ ಒಂದೇ ಇರಬೇಕು. ಪ್ಲಗ್ಗುಗಳು ಸರಿಯಿದ್ದರೆ ನಡುವೆ ಎಲ್ಲೋ ಕೇಬಲ್‌ಗೆ ಪೆಟ್ಟಾಗಿರಬಹುದು. ಕೇಬಲ್‌ನ ಮೇಲೆ ಏನು ಅಚ್ಚಾಗಿದೆ ಎಂಬುದನ್ನೂ ಬರೆಯಿರಿ. ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಹಚ್ಚಿದ ಕೇಬಲ್ ಬಹಳ ಮಾರಾಟವಾಗುತ್ತದೆ, ಅದು ಬಾಗಿಸಿದಲ್ಲಿ ತುಂಡಾಗುತ್ತದೆ. ಅದನ್ನು ಗೋಡೆಯೊಳಗೆ ಹಾಕಬಾರದು. ಕೇಬಲ್ ಯಾವ ದಾರಿಯಲ್ಲಿ ಹೋಗಿದೆ?

ನಿವೃತ್ತ ಶಿಕ್ಷಕರು: ನನಗೊಂದು ಸಂದೇಶ ಬಂದಿದೆ, ಎಲ್ಲರಿಗೂ ಉಪಯೋಗವಾಗಲೆಂದು ಹಾಕುತ್ತಿದ್ದೇನೆ: ರೂಟರ್ ಹಿಂದೆ ಅಲ್ಯೂಮಿನಿಯಂ ಹಾಳೆ ಸುತ್ತಿದರೆ ಮತ್ತು ಡಿಎನ್‌ಎಸ್ ಸಂಖ್ಯೆ ಬದಲಾಯಿಸಿದರೆ ವೇಗ ಎರಡು ಪಟ್ಟಾಗುತ್ತದೆ.

ನೆಟ್‌ವರ್ಕ್ ತಂತ್ರಜ್ಞ: ಎರಡು ಪಟ್ಟಾಗುವುದಿಲ್ಲ. ಲೋಹದ ಹಾಳೆ ಒಂದು ದಿಕ್ಕಿನ ಸಂಕೇತವನ್ನು ಕತ್ತರಿಸಿ ಇನ್ನೊಂದು ದಿಕ್ಕಿಗೆ ತಳ್ಳುತ್ತದೆ, ಅಷ್ಟೇ. ಸುತ್ತಿದರೆ ರೂಟರ್‌ನ ಗಾಳಿಕಿಂಡಿ ಮುಚ್ಚಿ ಅದು ಬಿಸಿಯೇರುತ್ತದೆ. ಡಿಎನ್‌ಎಸ್ ಜಾಲತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ವ್ಯವಸ್ಥೆ. ಅದನ್ನು ಬದಲಾಯಿಸಿದರೆ ಪುಟ ತೆರೆಯಲು ಶುರುವಾಗುವ ಕ್ಷಣ ಸ್ವಲ್ಪ ಬೇಗ ಬರಬಹುದು, ಕಡತ ಇಳಿಯುವ ವೇಗ ಹೆಚ್ಚಾಗುವುದಿಲ್ಲ. ಇಂತಹ ಸಂದೇಶಗಳನ್ನು ಪರೀಕ್ಷಿಸದೆ ಇಲ್ಲಿ ಹಾಕಬೇಡಿ ಎಂದು ವಿನಂತಿಸುತ್ತೇನೆ.

ನಿವೃತ್ತ ಶಿಕ್ಷಕರು: ಪರೀಕ್ಷಿಸಿಯೇ ಹಾಕಿದ್ದೇನೆ. ನನ್ನ ಫೋನಿನಲ್ಲಿ ಎರಡು ಗೆರೆ ಹೆಚ್ಚಾಗಿವೆ.

ಕಾಲೇಜು ವಿದ್ಯಾರ್ಥಿನಿ: ಗೆರೆ ಎಂದರೆ ಸಂಕೇತದ ಬಲ, ವೇಗವಲ್ಲ ಸರ್. ಅಕ್ಕಪಕ್ಕದ ಹತ್ತು ಮನೆಯ ವೈ-ಫೈ ಒಂದೇ ಚಾನೆಲ್‌ನಲ್ಲಿ, ಅಂದರೆ ಒಂದೇ ತರಂಗಪಟ್ಟಿಯಲ್ಲಿದ್ದರೆ ಗೆರೆ ಪೂರ್ತಿ ಇದ್ದೂ ವೇಗ ಸಿಗುವುದಿಲ್ಲ.

ನಿವೃತ್ತ ಶಿಕ್ಷಕರು: ನಾನು ತಂತ್ರಜ್ಞರೊಂದಿಗೆ ಮಾತನಾಡುತ್ತಿದ್ದೇನಮ್ಮ.

ಹೊಸ ಸದಸ್ಯರು: ನಮ್ಮ ರೂಟರ್‌ನಲ್ಲಿ 2.4 ಮತ್ತು 5 ಎಂದು ಎರಡು ಹೆಸರು ಕಾಣಿಸುತ್ತವೆ. ನನ್ನದು 5ಜಿ ಫೋನ್ ಅಲ್ಲ, ಆದ್ದರಿಂದ 2.4 ಮಾತ್ರ ಬಳಸುತ್ತಿದ್ದೇನೆ. ಆ್ಯಪ್‌ನಲ್ಲಿ ನೋಡಿದರೆ 3ನೇ ಚಾನೆಲ್ ಖಾಲಿ ಇದೆ, ಅದಕ್ಕೆ ಬದಲಾಯಿಸಲೇ?

ನೆಟ್‌ವರ್ಕ್ ತಂತ್ರಜ್ಞ: ಮೊಬೈಲಿನ 5ಜಿಗೂ ವೈ-ಫೈಯ 5 ಗಿಗಾಹರ್ಟ್ಸ್ ತರಂಗಕ್ಕೂ ಸಂಬಂಧವಿಲ್ಲ. ನಿಮ್ಮ ಫೋನಿನಲ್ಲಿ ಆ ಹೆಸರು ಕಾಣಿಸುತ್ತಿದೆ ಎಂದರೆ ಅದು ಕೆಲಸ ಮಾಡುತ್ತದೆ. ಹತ್ತಿರದ ಕೋಣೆಗಳಲ್ಲಿ 5 ಬಳಸಿ. ದೂರಕ್ಕೆ, ದಪ್ಪ ಗೋಡೆಗಳಾಚೆಗೆ 2.4. ಚಾನೆಲ್ 3 ಬೇಡ. 2.4ರಲ್ಲಿ ಒಂದಕ್ಕೊಂದು ತಾಗದಿರುವುದು 1, 6, 11 ಮಾತ್ರ. ಒಂದೇ ಚಾನೆಲ್‌ನಲ್ಲಿರುವ ರೂಟರ್‌ಗಳು ಪರಸ್ಪರ ಮಾತನ್ನು ಕೇಳಿಸಿಕೊಂಡು ಸರದಿ ಕಾಯುತ್ತವೆ. ನೀವು ನಡುವೆ 3ರಲ್ಲಿ ಕುಳಿತರೆ 1ರವರಿಗೂ 6ರವರಿಗೂ ನಿಮ್ಮದು ಬರೀ ಗದ್ದಲವಾಗುತ್ತದೆ, ಅವರದು ನಿಮಗೆ.

ಮನೆಯಿಂದ ಕೆಲಸ ಮಾಡುವ ಸದಸ್ಯೆ: ಹಿಂದಿನ ಕೋಣೆಗೆ ರಿಪೀಟರ್ (ವೈ-ಫೈ ಸಂಕೇತವನ್ನು ಮುಂದಕ್ಕೆ ದಾಟಿಸುವ ಸಾಧನ) ಹಾಕಿದ್ದೇನೆ. ಗೆರೆ ಪೂರ್ತಿ ಬಂತು, ವೇಗ ಮಾತ್ರ ಅರ್ಧವೂ ಇಲ್ಲ.

ನೆಟ್‌ವರ್ಕ್ ತಂತ್ರಜ್ಞ: ಒಂದೇ ರೇಡಿಯೊದಲ್ಲಿ ಕೇಳಿ, ಅದರಲ್ಲೇ ಮತ್ತೆ ಹೇಳುವ ರಿಪೀಟರ್ ಪ್ರತಿ ಮಾತಿಗೂ ಎರಡು ಪಟ್ಟು ಸಮಯ ತೆಗೆದುಕೊಳ್ಳುತ್ತದೆ. ಸಂಕೇತ ಸಿಗದ ಕೋಣೆಯೊಳಗೆ ಇಟ್ಟರೆ ಅದಕ್ಕೂ ಸಿಗುವುದಿಲ್ಲ. ಅರ್ಧ ದಾರಿಯಲ್ಲಿ ಇಡಿ. ಸಾಧ್ಯವಿದ್ದರೆ ಹಿಂದಿನ ಕೋಣೆಗೆ ಕೇಬಲ್ ಎಳೆಸಿ ಆ್ಯಕ್ಸೆಸ್ ಪಾಯಿಂಟ್ (ತಂತಿಯಿಂದ ಬಂದದ್ದನ್ನು ವೈ-ಫೈ ಆಗಿ ಹರಡುವ ಸಾಧನ) ಹಾಕಿಸಿ.

ಹೊಸ ಸದಸ್ಯರು: ಈ ಕಾಲದಲ್ಲೂ ತಂತಿಯೇ? ವೈ-ಫೈಯ ಹೊಸ ತಲೆಮಾರು ಬಂದಿದೆಯಲ್ಲ.

ಕಾಲೇಜು ವಿದ್ಯಾರ್ಥಿನಿ: ಎಷ್ಟೇ ಹೊಸದಾದರೂ ಗಾಳಿಯನ್ನು ಎಲ್ಲರೂ ಹಂಚಿಕೊಳ್ಳಬೇಕು, ತಂತಿಯನ್ನು ಯಾರೊಂದಿಗೂ ಹಂಚಿಕೊಳ್ಳಬೇಕಿಲ್ಲ.

ಹೊಸ ಸದಸ್ಯರು: ಪುಸ್ತಕದ ಮಾತು. ನನ್ನ ಮನೆಯಲ್ಲಿ ಒಂದು ಅಡಿ ತಂತಿಯೂ ಇಲ್ಲ, ನನಗೆ ಸಾಕಷ್ಟು ಬರುತ್ತಿದೆ.

ಕಾಲೇಜು ವಿದ್ಯಾರ್ಥಿನಿ: ಹಾಗಿದ್ದರೆ ನೀವು ಇಲ್ಲಿ ಪ್ರಶ್ನೆ ಕೇಳಿದ್ದೇಕೆ?

ಗೃಹಿಣಿ ಸದಸ್ಯೆ: ರೂಟರ್ ಎಲ್ಲಿ ಇಡಬೇಕು ಸರ್?

ನೆಟ್‌ವರ್ಕ್ ತಂತ್ರಜ್ಞ: ಮೇಲೆ ಉತ್ತರಿಸಿದ್ದೇನೆ.

ಗೃಹಿಣಿ ಸದಸ್ಯೆ: ರಾತ್ರಿ ಮಾತ್ರ ವೀಡಿಯೊ ಕರೆ ಕಡಿಯುತ್ತದೆ, ಅದಕ್ಕೆ ಕೇಳಿದೆ. ಹಗಲು ಚೆನ್ನಾಗಿಯೇ ಇರುತ್ತದೆ.

ಮೇಲ್ಮಹಡಿಯ ಸದಸ್ಯರು: ಸರ್, ಕೇಬಲ್ ಮೇಲೆ ಏನೂ ಅಚ್ಚಾಗಿಲ್ಲ. ಪ್ಲಗ್ಗಿಗೆ ಲೋಹದ ಕವಚವಿದೆ, ಒಳಗೆ ಕಾಣಿಸುವುದಿಲ್ಲ. ಗೋಡೆಯಲ್ಲಿ ಬೇರೆ ಪೈಪ್ ಇಲ್ಲದ ಕಾರಣ ಕರೆಂಟಿನ ವೈರ್ ಹೋಗುವ ಪೈಪಿನಲ್ಲೇ ಎಳೆದಿದ್ದಾರೆ. ಬಿಗಿಯಾಗಿತ್ತು, ಇಬ್ಬರು ಜಗ್ಗಿ ಎಳೆದರು. ಇನ್ನೊಂದು ವಿಷಯ: ಮೇಲೆ ಪ್ಲಗ್ಗನ್ನು ಮುಟ್ಟಿದಾಗ ಕೈ ಸ್ವಲ್ಪ ಜುಮ್ ಎನ್ನುತ್ತದೆ. ಅದರಿಂದ ವೇಗ ಕಡಿಮೆಯಾಗುತ್ತದೆಯೇ?

ನೆಟ್‌ವರ್ಕ್ ತಂತ್ರಜ್ಞ: ವೇಗದ ಮಾತನ್ನು ಬಿಡಿ. ಆ ಪ್ಲಗ್ಗನ್ನು ಕೀಳುವುದಕ್ಕೂ ಮುಟ್ಟಬೇಡಿ. ಮನೆಯ ಮೇನ್ ಸ್ವಿಚ್ ಆಫ್ ಮಾಡಿ, ಮಕ್ಕಳನ್ನು ಎರಡೂ ತುದಿಗಳಿಂದ ದೂರವಿಡಿ, ಪರವಾನಗಿಯಿರುವ ಎಲೆಕ್ಟ್ರಿಷಿಯನ್‌ರನ್ನು ಕರೆಸಿ. ಮಾಡಿದ ಕೂಡಲೇ ಇಲ್ಲಿ ತಿಳಿಸಿ.

ನಿವೃತ್ತ ಶಿಕ್ಷಕರು: ಗಾಬರಿಪಡಿಸಬೇಡಿ. ಲ್ಯಾಪ್‌ಟಾಪ್ ಚಾರ್ಜ್‌ಗೆ ಹಾಕಿದಾಗ ನನಗೂ ಜುಮ್ ಎನ್ನುತ್ತದೆ. ರಬ್ಬರ್ ಚಪ್ಪಲಿ ಹಾಕಿಕೊಂಡು ಮುಟ್ಟಿದರೆ ಏನೂ ಆಗುವುದಿಲ್ಲ.

ನೆಟ್‌ವರ್ಕ್ ತಂತ್ರಜ್ಞ: ದಯವಿಟ್ಟು ಆ ಸಲಹೆಯನ್ನು ಅಳಿಸಿ, ಈಗಲೇ. ಅರ್ತಿಂಗ್ ಇಲ್ಲದ ಕೆಲವು ಅಡಾಪ್ಟರ್‌ಗಳಿಂದ ಅತ್ಯಲ್ಪ ವಿದ್ಯುತ್ ಸೋರಿ ಜುಮ್ ಎನ್ನಿಸುವುದು ನಿಜ, ಅದರಿಂದ ಸಾಮಾನ್ಯವಾಗಿ ಅಪಾಯವಿಲ್ಲ. ಆದರೆ ಅದು ಯಾವುದು, ಗೋಡೆಯೊಳಗೆ ಸವೆದ ವೈರ್‌ನಿಂದ ಬರುವುದು ಯಾವುದು ಎಂದು ಬೆರಳು ಗುರುತಿಸಲಾರದು, ಮತ್ತು ಇಂದು ಜುಮ್ ಎಂದದ್ದು ನಾಳೆ ಒದ್ದೆ ಕೈಗೆ ಅಷ್ಟಕ್ಕೇ ನಿಲ್ಲುವುದಿಲ್ಲ. ನೆಟ್‌ವರ್ಕ್ ಕೇಬಲ್‌ನ ತೆಳು ಹೊದಿಕೆ ಮನೆಯ ಕರೆಂಟನ್ನು ತಡೆಯಲೆಂದು ಮಾಡಿದ್ದಲ್ಲ. ಇಬ್ಬರು ಜಗ್ಗಿ ಎಳೆದಾಗ ಪೈಪಿನ ತಿರುವಿನಲ್ಲಿ ಅದರದ್ದೂ ಕರೆಂಟ್ ವೈರ್‌ನದ್ದೂ ಹೊದಿಕೆ ಒಟ್ಟಿಗೆ ಸುಲಿದಿರಬಹುದು. ರೂಟರ್‌ನ ಪೋರ್ಟ್‌ಗಳಲ್ಲಿ 1500 ವೋಲ್ಟ್ ತಡೆಯುವಂತೆ ಪರೀಕ್ಷಿಸಿದ ಪುಟ್ಟ ಟ್ರಾನ್ಸ್‌ಫಾರ್ಮರ್‌ಗಳಿರುತ್ತವೆ, ಆದರೆ ಅವು ಒಳಗಿನ ಜೋಡಿಗಳಿಗೆ ಮಾತ್ರ. ಇವರು ಮುಟ್ಟುತ್ತಿರುವುದು ಲೋಹದ ಕವಚವನ್ನು, ಅಲ್ಲಿ ಅಂಥ ತಡೆ ಏನೂ ಇಲ್ಲ.

ನಿವೃತ್ತ ಶಿಕ್ಷಕರು: ನನ್ನ ಉದ್ದೇಶ ಒಳ್ಳೆಯದೇ ಇತ್ತು. ಇಲ್ಲಿ ಹಿರಿಯರ ಜೊತೆ ಮಾತನಾಡುವ ರೀತಿ ಇದೇ ಏನು?

ಹೊಸ ಸದಸ್ಯರು: ಅವರು ಹೇಳಿದ್ದರಲ್ಲಿ ತಪ್ಪೇನಿದೆ? ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದು ಬಿಟ್ಟು ಎಲ್ಲರನ್ನೂ ಗದರುತ್ತಿದ್ದಾರೆ.

ಕಾಲೇಜು ವಿದ್ಯಾರ್ಥಿನಿ: ಒಬ್ಬರ ಮನೆಯಲ್ಲಿ ಕರೆಂಟ್ ಸೋರುತ್ತಿರಬಹುದು, ನಿಮಗೆ ಮರ್ಯಾದೆಯ ಚಿಂತೆ.

ಗುಂಪಿನ ನಿರ್ವಾಹಕಿ: ಚಪ್ಪಲಿಯ ಸಲಹೆಯನ್ನು ನಾನೇ ಅಳಿಸಿದ್ದೇನೆ. ವಾದವನ್ನು ಇಲ್ಲಿಗೆ ನಿಲ್ಲಿಸಿ.

ಗೃಹಿಣಿ ಸದಸ್ಯೆ: ನನ್ನ ರಾತ್ರಿಯ ಕರೆಯ ಪ್ರಶ್ನೆ ಹಾಗೇ ಉಳಿಯಿತು.

ನೆಟ್‌ವರ್ಕ್ ತಂತ್ರಜ್ಞ: ಮೇಲ್ಮಹಡಿಯವರೇ, ಮೇನ್ ಆಫ್ ಮಾಡಿದಿರಾ?

ನೆಟ್‌ವರ್ಕ್ ತಂತ್ರಜ್ಞ: ಇಪ್ಪತ್ತು ನಿಮಿಷವಾಯಿತು. ಇವರ ಪರಿಚಯ ಇರುವವರು ಯಾರಾದರೂ ದಯವಿಟ್ಟು ಫೋನ್ ಮಾಡಿ.

ಮೇಲ್ಮಹಡಿಯ ಸದಸ್ಯರು: ಕ್ಷಮಿಸಿ ಸರ್, ಮೇನ್ ಆಫ್ ಮಾಡಿದ ಕೂಡಲೇ ವೈ-ಫೈಯೂ ಹೋಯಿತು, ಫೋನಿನಲ್ಲಿ ಚಾರ್ಜ್ ಇರಲಿಲ್ಲ. ಪಕ್ಕದ ಮನೆಯಿಂದ ಬರೆಯುತ್ತಿದ್ದೇನೆ. ಎಲೆಕ್ಟ್ರಿಷಿಯನ್ ನಾಳೆ ಬೆಳಿಗ್ಗೆ ಬರುತ್ತಾರೆ.

ನೆಟ್‌ವರ್ಕ್ ತಂತ್ರಜ್ಞ: ಬರುವವರೆಗೆ ಮೇನ್ ಆಫ್ ಇರಲಿ.

ಮೇಲ್ಮಹಡಿಯ ಸದಸ್ಯರು (ಮರುದಿನ): ಎಲೆಕ್ಟ್ರಿಷಿಯನ್ ಬಂದು ಕೇಬಲ್ ಹೊರಗೆಳೆದರು. ಎರಡನೆಯ ತಿರುವಿನಲ್ಲಿ ಕರೆಂಟ್ ವೈರ್‌ನ ಹೊದಿಕೆ ಹೆಬ್ಬೆರಳಿನ ಉಗುರಿನಷ್ಟು ಸುಲಿದು ತಾಮ್ರ ಕಾಣುತ್ತಿತ್ತು. ಅದೇ ಜಾಗದಲ್ಲಿ ನೆಟ್‌ವರ್ಕ್ ಕೇಬಲ್‌ನ ಹೊದಿಕೆಯೂ ಹರಿದು, ಒಳಗೆ ಕಂದು ಬಣ್ಣದ ತಂತಿ ತುಂಡಾಗಿತ್ತು. ಹೊಸ ಕೇಬಲ್ ತಂದು ಸದ್ಯಕ್ಕೆ ಮೆಟ್ಟಿಲ ಮೇಲೆ ಹಾಸಿದ್ದೇನೆ. ಮೇಲೆ 287 ಬರುತ್ತಿದೆ.

ನೆಟ್‌ವರ್ಕ್ ತಂತ್ರಜ್ಞ: ನಿನ್ನೆಯಿಂದ ಇದೇ ಯೋಚನೆಯಲ್ಲಿದ್ದೆ, ಬರೆದದ್ದು ಒಳ್ಳೆಯದಾಯಿತು. ಹಳೆಯ ಕೇಬಲ್‌ನ ಚೆನ್ನಾಗಿರುವ ತುಂಡನ್ನೂ ಉಳಿಸಿಕೊಳ್ಳಬೇಡಿ. ಆ ಪೈಪಿನ ಕರೆಂಟ್ ವೈರ್ ಪೂರ್ತಿ ಬದಲಾಗಲಿ, ಸುಲಿದಲ್ಲಿ ಟೇಪ್ ಸುತ್ತಿ ಬಿಡುವುದಕ್ಕೆ ಒಪ್ಪಬೇಡಿ. ಅರ್ತಿಂಗ್ ಪರೀಕ್ಷಿಸಿ, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ಕೂಡಲೇ ಕರೆಂಟ್ ಕಡಿಯುವ ಸ್ವಿಚ್) ಇಲ್ಲದಿದ್ದರೆ ಹಾಕಿಸಿ. ನೆಟ್‌ವರ್ಕ್‌ಗೆ ಗೋಡೆಯ ಮೇಲೆ ಬೇರೆಯೇ ಪಟ್ಟಿ ಅಳವಡಿಸಿ, ಶುದ್ಧ ತಾಮ್ರದ ಕ್ಯಾಟ್ 5ಇ ಅಥವಾ ಕ್ಯಾಟ್ 6 ದರ್ಜೆಯ ನೆಟ್‌ವರ್ಕ್ ಕೇಬಲ್ ಮತ್ತು ಮಾಮೂಲಿ ಪ್ಲಾಸ್ಟಿಕ್ ಪ್ಲಗ್ ಬಳಸಿ. ಕರೆಂಟ್ ವೈರನ್ನು ದಾಟಲೇಬೇಕಾದಲ್ಲಿ ಅಡ್ಡಡ್ಡವಾಗಿ ದಾಟಿಸಿ. ಮೆಟ್ಟಿಲ ಮೇಲಿನ ಕೇಬಲನ್ನು ಇಂದು ರಾತ್ರಿಯೊಳಗೆ ತೆಗೆಯಿರಿ, ಯಾರಾದರೂ ಎಡವಿಯಾರು.