ಶರತ್ಕಾಲದ ಚಾರಣಕ್ಕೆ ಹಗುರವಾದ ಸ್ಲೀಪಿಂಗ್ ಬ್ಯಾಗ್: ಚೀಲದ ಮೇಲಿನ ಡಿಗ್ರಿಯನ್ನು ಎಷ್ಟು ನಂಬಬಹುದು?

ಉತ್ತರಿಸುವವರು: ಚಾರಣದ ಸಾಮಗ್ರಿಯನ್ನು ಬಾಡಿಗೆಗೆ ಕೊಡುವ, ಸ್ಲೀಪಿಂಗ್ ಬ್ಯಾಗ್ ಮತ್ತು ಟೆಂಟ್‌ಗಳನ್ನು ದುರಸ್ತಿ ಮಾಡುವ ನಮ್ಮ ಗುಂಪಿನ ಸದಸ್ಯೆ.

ಪ್ರಶ್ನೆ: ಮೇಡಂ, ನಮಸ್ಕಾರ. ಶರತ್ಕಾಲದಲ್ಲಿ ನಾಲ್ಕು ದಿನಗಳ ಚಾರಣಕ್ಕೆ ಹೊರಟಿದ್ದೇನೆ. ಬೆನ್ನಿಗೂ ಹೊರೆಯಾಗಬಾರದು, ಜೇಬಿಗೂ ಹೊರೆಯಾಗಬಾರದು. ಎರಡು ಸ್ಲೀಪಿಂಗ್ ಬ್ಯಾಗ್ ನೋಡಿಟ್ಟಿದ್ದೇನೆ. ಒಂದು ಸಿಂಥೆಟಿಕ್, ತೂಕ 1.2 ಕಿಲೋ, ಚೀಲದ ಮೇಲೆ ದೊಡ್ಡದಾಗಿ 0 ಡಿಗ್ರಿ ಎಂದು ಅಚ್ಚಾಗಿದೆ. ಇನ್ನೊಂದು ಡೌನ್, ಎಂದರೆ ಬಾತುಕೋಳಿಯಂಥ ಹಕ್ಕಿಗಳ ಮೃದುವಾದ ಒಳಪುಕ್ಕ ತುಂಬಿದ್ದು, 780 ಗ್ರಾಂ, ಅದರ ಮೇಲೆ 5 ಡಿಗ್ರಿ ಎಂದಿದೆ. ಬೆಲೆ ಮಾತ್ರ ಮೊದಲನೆಯದರ ಎರಡೂವರೆ ಪಟ್ಟು. ಹೆಚ್ಚು ಹಣ ಕೊಟ್ಟು ಕಡಿಮೆ ಬೆಚ್ಚಗಿರುವುದನ್ನು ಏಕೆ ಕೊಳ್ಳಬೇಕು? ನನಗೆ ಬೇಗ ಚಳಿ ಹತ್ತುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ.

ಉತ್ತರ: ಮೊದಲು ಒಂದು ಕೆಲಸ ಮಾಡಿ. ಎರಡೂ ಬ್ಯಾಗ್‌ಗಳ ಒಳಮಗ್ಗುಲಲ್ಲಿ, ಸಾಮಾನ್ಯವಾಗಿ ಜಿಪ್‌ನ ಬುಡದ ಹತ್ತಿರ, ಒಂದು ಚಿಕ್ಕ ಬಟ್ಟೆಯ ಪಟ್ಟಿ ಹೊಲಿದಿರುತ್ತಾರೆ. ಅದರ ಮೇಲೆ ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್ ಎಂಬ ಮೂರು ಅಂಕಿಗಳಿವೆಯೇ ನೋಡಿ. ಇಎನ್ 13537 ಅಥವಾ ಅದರ ನಂತರ ಬಂದ ಐಎಸ್‌ಒ 23537 ಮಾನದಂಡದ ಪ್ರಕಾರ ಪರೀಕ್ಷೆಯಾಗಿದ್ದರೆ ಈ ಅಂಕಿಗಳು ಇರಲೇಬೇಕು. ಚೀಲದ ಮೇಲೆ ದಪ್ಪಕ್ಷರದಲ್ಲಿ ಯಾವ ಅಂಕಿಯನ್ನು ಅಚ್ಚು ಹಾಕಬೇಕೆಂಬುದು ಕಂಪನಿಯ ಇಷ್ಟ. ಒಬ್ಬರು ಕಂಫರ್ಟ್ ಹಾಕುತ್ತಾರೆ, ಮತ್ತೊಬ್ಬರು ಲಿಮಿಟ್ ಹಾಕುತ್ತಾರೆ.

ಈ ಅಂಕಿಗಳು ಬರುವ ಬಗೆ ಹೀಗೆ. ಬಿಸಿಯಾಗುವ ಒಂದು ಬೊಂಬೆಗೆ ಒಳಉಡುಪು, ಸಾಕ್ಸ್ ತೊಡಿಸಿ, ಮ್ಯಾಟ್ ಮೇಲೆ ಬ್ಯಾಗ್‌ನೊಳಗೆ ಮಲಗಿಸಿ, ತಣ್ಣನೆಯ ಕೋಣೆಯಲ್ಲಿ ಅದು ಎಷ್ಟು ಶಾಖ ಕಳೆದುಕೊಳ್ಳುತ್ತದೆ ಎಂದು ಅಳೆಯುತ್ತಾರೆ. ಅದರಿಂದ ಲೆಕ್ಕ ಹಾಕಿದ ಕಂಫರ್ಟ್ ಎಂದರೆ 25 ವರ್ಷದ, 60 ಕಿಲೋ ತೂಕದ ಮಹಿಳೆ ಮೈಚೆಲ್ಲಿ ಮಲಗಿದರೂ ಚಳಿಯೆನಿಸದ ತಾಪಮಾನ. ಲಿಮಿಟ್ ಎಂದರೆ 25 ವರ್ಷದ, 73 ಕಿಲೋ ತೂಕದ ಪುರುಷ ಮುದುಡಿಕೊಂಡು ಮಲಗಿ ಹೇಗೋ ನಡುಗದೆ ಉಳಿಯುವ ತಾಪಮಾನ. ಎಕ್ಸ್‌ಟ್ರೀಮ್ ಅಂಕಿಗೆ ಬಂದರೆ, ಆರು ಗಂಟೆ ಜೀವ ಹಿಡಿದುಕೊಂಡಿರಬಹುದು ಎಂಬ ಸಮಾಧಾನವಷ್ಟೇ. ಅದನ್ನು ನೋಡಿ ಬ್ಯಾಗ್ ಕೊಳ್ಳುವವರನ್ನು ಕಂಡರೆ ನನಗೆ ಕನಿಕರವಾಗುತ್ತದೆ. ಬೇಗ ಚಳಿ ಹತ್ತುವ ನಿಮಗೆ ಲೆಕ್ಕಕ್ಕೆ ಬರುವುದು ಕಂಫರ್ಟ್ ಒಂದೇ. ನೀವು ಹೆಂಗಸೋ ಗಂಡಸೋ ಎಂಬುದು ಇಲ್ಲಿ ಮುಖ್ಯವಲ್ಲ.

ಪ್ರಶ್ನೆ (ಅವರದೇ): ಪಟ್ಟಿ ನೋಡಿದೆ, ಮೇಡಂ. ಸಿಂಥೆಟಿಕ್‌ನಲ್ಲಿ ಕಂಫರ್ಟ್ 5, ಲಿಮಿಟ್ 0. ಡೌನ್‌ನಲ್ಲೂ ಕಂಫರ್ಟ್ 5, ಲಿಮಿಟ್ 0! ಎರಡೂ ಒಂದೇ ಎಂದಾಯಿತು.

ಉತ್ತರ: ಬೆಚ್ಚಗಿನ ಮಟ್ಟಿಗೆ ಒಂದೇ. ಹಾಗಾದರೆ ಡೌನ್‌ಗೆ ನೀವು ಕೊಡುವ ಹೆಚ್ಚಿನ ಹಣ 420 ಗ್ರಾಂ ಉಳಿತಾಯಕ್ಕೆ ಮತ್ತು ಬೆನ್ನುಚೀಲದಲ್ಲಿ ಅದು ಹಿಡಿಯುವ ಕಡಿಮೆ ಜಾಗಕ್ಕೆ. ಅದು ನಿಮಗೆ ಬೇಕೇ ಎಂದು ನಿರ್ಧರಿಸುವ ಮೊದಲು ಎರಡು ವಿಷಯ ತಿಳಿಸಿ. ರಾತ್ರಿ ತಂಗುವ ಜಾಗದಲ್ಲಿ ಎಷ್ಟು ಚಳಿ ಇರಬಹುದು? ಮೈ ಕೆಳಗೆ ಏನು ಹಾಸುತ್ತೀರಿ?

ಪ್ರಶ್ನೆ (ಅವರದೇ): ಹವಾಮಾನ ಮುನ್ಸೂಚನೆಯಲ್ಲಿ ಬೆಟ್ಟದ ಬುಡದ ಊರಿಗೆ ರಾತ್ರಿಯ ಕನಿಷ್ಠ 9 ಡಿಗ್ರಿ ಎಂದಿದೆ. ನಾವು ತಂಗುವುದು ಅಲ್ಲಿಂದ ಸುಮಾರು 700 ಮೀಟರ್ ಮೇಲೆ. ಹಾಸಲು ಮನೆಯಲ್ಲಿರುವ ಯೋಗ ಮ್ಯಾಟ್ ಒಯ್ಯೋಣ ಎಂದುಕೊಂಡಿದ್ದೇನೆ.

ಉತ್ತರ: ಎತ್ತರ 1000 ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ನಿಮ್ಮ ಲೆಕ್ಕದಲ್ಲಿ ನಾಲ್ಕೂವರೆ ಡಿಗ್ರಿ ಕಳೆದರೆ ತಂಗುದಾಣದಲ್ಲಿ 4ರಿಂದ 5 ಡಿಗ್ರಿ ನಿರೀಕ್ಷಿಸಬಹುದು. ಆದರೆ ಶರತ್ಕಾಲದ ರಾತ್ರಿ ದೀರ್ಘ. ಮೋಡವಿಲ್ಲದ, ಗಾಳಿಯಾಡದ ರಾತ್ರಿಯಲ್ಲಿ ನೆಲ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ, ತಣ್ಣಗಾದ ಗಾಳಿ ಇಳಿಜಾರಿನಲ್ಲಿ ಜಾರಿ ತಗ್ಗಿನಲ್ಲಿ ನಿಲ್ಲುತ್ತದೆ. ಹಳ್ಳದ ಪಕ್ಕದ ಚೆಂದದ ಹುಲ್ಲುಹಾಸು ಬೆಳಗಿನ ಜಾವದಲ್ಲಿ ಎಲ್ಲಕ್ಕಿಂತ ತಣ್ಣಗಿರುವ ಜಾಗ. ಅಲ್ಲಿಂದ ಸ್ವಲ್ಪ ಮೇಲೆ, ಮರಗಳ ಮರೆಯಲ್ಲಿ ಟೆಂಟ್ ಹಾಕಿದರೆ ಚಳಿಯೂ ಕಡಿಮೆ, ಇಬ್ಬನಿಯೂ ಕಡಿಮೆ. ಅಷ್ಟಾದರೂ ಮೂರು ನಾಲ್ಕು ಡಿಗ್ರಿ ಕೈಯಲ್ಲಿ ಇಟ್ಟುಕೊಳ್ಳಬೇಕು. ಎಂದರೆ ನಿಮಗೆ ಬೇಕಾದ ವ್ಯವಸ್ಥೆ ಸುಮಾರು 1 ಡಿಗ್ರಿಯದು.

ವ್ಯವಸ್ಥೆ ಎಂದೆ, ಬ್ಯಾಗ್ ಎನ್ನಲಿಲ್ಲ. ಯೋಗ ಮ್ಯಾಟ್ ಕೇಳಿಯೇ ನನಗೆ ಬೆನ್ನು ತಣ್ಣಗಾಯಿತು. ಸ್ಲೀಪಿಂಗ್ ಬ್ಯಾಗ್ ಬೆಚ್ಚಗಿಡುವುದು ತನ್ನೊಳಗೆ ಹಿಡಿದಿಟ್ಟ ಗಾಳಿಯಿಂದ. ನೀವು ಮಲಗಿದ ಕೂಡಲೇ ನಿಮ್ಮ ಭಾರಕ್ಕೆ ಕೆಳಭಾಗ ಚಪ್ಪಟೆಯಾಗುತ್ತದೆ, ಅಲ್ಲಿ ಗಾಳಿಯೇ ಉಳಿಯುವುದಿಲ್ಲ. ಬೆನ್ನು, ಸೊಂಟ, ಭುಜದ ಶಾಖವೆಲ್ಲ ನೆಲಕ್ಕೆ ಹೋಗುತ್ತದೆ. ಅದನ್ನು ತಡೆಯುವುದು ಮ್ಯಾಟ್ ಮಾತ್ರ. ಯೋಗ ಮ್ಯಾಟ್ ಕಾಲು ಜಾರದಿರಲಿ ಎಂದು ಮಾಡಿದ ವಸ್ತು. ತೆಳು, ಒತ್ತಾದ ರಬ್ಬರ್. ತೂಕವಿದೆ, ಶಾಖ ತಡೆಯುವ ಗುಣ ಅತ್ಯಲ್ಪ.

ಮ್ಯಾಟ್‌ನ ಶಾಖರೋಧವನ್ನು ಆರ್-ವ್ಯಾಲ್ಯೂ ಎಂಬ ಅಂಕಿಯಲ್ಲಿ ಹೇಳುತ್ತಾರೆ. 2018ರಲ್ಲಿ ಬಂದ ಎಎಸ್‌ಟಿಎಂ ಎಫ್3340 ಮಾನದಂಡದಂತೆ ಅಳೆದಿದ್ದರೆ ಬೇರೆ ಬೇರೆ ಕಂಪನಿಗಳ ಮ್ಯಾಟ್‌ಗಳನ್ನು ನೇರವಾಗಿ ಹೋಲಿಸಬಹುದು. ಮಡಚುವ ಫೋಮ್ ಮ್ಯಾಟ್‌ಗಳು 2ರ ಆಸುಪಾಸು ಇರುತ್ತವೆ. ನಿಮ್ಮಂಥವರಿಗೆ ಈ ಚಳಿಗೆ 3ಕ್ಕಿಂತ ಹೆಚ್ಚು ಇರಲಿ. ಎರಡು ಮ್ಯಾಟ್ ಒಂದರ ಮೇಲೊಂದು ಹಾಸಿದರೆ ಅಂಕಿಗಳು ಕೂಡಿಕೊಳ್ಳುತ್ತವೆ ಎಂಬುದು ಬಡವರಿಗೆ ಅನುಕೂಲದ ಸಂಗತಿ.

ಅಂದಹಾಗೆ, ಬೊಂಬೆಯನ್ನು ಪರೀಕ್ಷಿಸಿದ್ದೂ ಮ್ಯಾಟ್ ಮೇಲೆಯೇ. ನಿಮ್ಮ ಮ್ಯಾಟ್ ಕಳಪೆಯಾದರೆ ಪಟ್ಟಿಯ ಮೇಲಿನ ಕಂಫರ್ಟ್ 5 ನಿಮ್ಮ ಪಾಲಿಗೆ ಸುಳ್ಳಾಗುತ್ತದೆ. ಆದ್ದರಿಂದ ನನ್ನ ಸಲಹೆ ಸ್ಪಷ್ಟ: ಅಗ್ಗದ ಸಿಂಥೆಟಿಕ್ ಬ್ಯಾಗ್ ಕೊಳ್ಳಿ, ಉಳಿದ ಹಣವನ್ನು ಮ್ಯಾಟ್‌ಗೆ ಹಾಕಿ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಮೇಡಂ ಅವರ ಮಾತಿಗೆ ನನ್ನ ತಕರಾರಿದೆ. 420 ಗ್ರಾಂ ಎಂದರೆ ಹಗುರ ಚಾರಣದಲ್ಲಿ ಸಣ್ಣ ಮಾತಲ್ಲ. ಸಿಂಥೆಟಿಕ್ ಕೆಲವೇ ವರ್ಷಗಳಲ್ಲಿ ಸತ್ತುಹೋಗುತ್ತದೆ, ಡೌನ್ ಬಹುಕಾಲ ಬಾಳುತ್ತದೆ. ದೀರ್ಘಕಾಲದ ಲೆಕ್ಕದಲ್ಲಿ ಡೌನ್ ಅಗ್ಗವಲ್ಲವೇ?

ಉತ್ತರ: ನೀವು ಹೇಳಿದ್ದು ನಿಜ, ಒಂದು ಷರತ್ತಿನೊಂದಿಗೆ. ಸಿಂಥೆಟಿಕ್ ನೂಲು ಪದೇ ಪದೇ ಅದುಮಿಸಿಕೊಂಡು ತನ್ನ ಪುಟಿತವನ್ನು ಕಳೆದುಕೊಳ್ಳುತ್ತದೆ. ದುರಸ್ತಿಗೆ ಬರುವ ಹಳೆಯ ಸಿಂಥೆಟಿಕ್ ಬ್ಯಾಗ್‌ಗಳನ್ನು ಬೆಳಕಿಗೆ ಹಿಡಿದರೆ ಭುಜದ ಬಳಿ ತುಂಬುವಸ್ತು ಗಂಟುಗಂಟಾಗಿ, ಮಧ್ಯೆ ಬರೀ ಬಟ್ಟೆ ಕಾಣುತ್ತದೆ. ಅದಕ್ಕೆ ನಾನು ಮಾಡಬಹುದಾದದ್ದು ಏನೂ ಇಲ್ಲ. ಡೌನ್ ಆದರೆ ತೊಳೆದು, ಒಣಗಿಸಿ, ಬೇಕಾದರೆ ಸ್ವಲ್ಪ ಹೊಸ ಡೌನ್ ತುಂಬಿ ಮತ್ತೆ ಬದುಕಿಸಬಹುದು. ಷರತ್ತು ಏನೆಂದರೆ, ಕೊಂಡವರು ಅದನ್ನು ನೋಡಿಕೊಳ್ಳಬೇಕು. ವರ್ಷಪೂರ್ತಿ ಚಿಕ್ಕ ಚೀಲದಲ್ಲಿ ತುರುಕಿ ಕಪಾಟಿನ ಮೂಲೆಗೆ ಎಸೆಯುವವರಿಗೆ ಎರಡೂ ಒಂದೇ. ವರ್ಷಕ್ಕೊಮ್ಮೆ ಹೊರಡುವವರಿಗೂ ಡೌನ್‌ನ ಆಯುಸ್ಸಿನ ಲಾಭ ಕೈಗೆ ಹತ್ತುವುದಿಲ್ಲ. ತಿಂಗಳಿಗೊಮ್ಮೆ ಹೊರಡುವವರಾದರೆ ನಿಮ್ಮ ಪಕ್ಷಕ್ಕೆ ನನ್ನ ಮತ.

ಇನ್ನು ಡೌನ್ ಕೊಳ್ಳುವುದೇ ಆದರೆ ಫಿಲ್ ಪವರ್ ಅಂಕಿಗೆ ಮರುಳಾಗಬೇಡಿ. ಒಂದು ಔನ್ಸ್, ಎಂದರೆ 28 ಗ್ರಾಂ ಡೌನ್ ಎಷ್ಟು ಘನ ಅಂಗುಲ ಜಾಗಕ್ಕೆ ಉಬ್ಬುತ್ತದೆ ಎಂಬುದೇ ಆ ಅಂಕಿ. ಬ್ಯಾಗ್ ಎಷ್ಟು ಬೆಚ್ಚಗಿದೆ ಎಂದು ಅದೊಂದೇ ಹೇಳಲಾರದು. ಒಳಗೆ ಎಷ್ಟು ಗ್ರಾಂ ತುಂಬಿದ್ದಾರೆ ಎಂಬುದೂ ಬೇಕು. 600 ಫಿಲ್‌ನ 400 ಗ್ರಾಂ ಡೌನ್ ಎಷ್ಟು ಉಬ್ಬುತ್ತದೆಯೋ 800 ಫಿಲ್‌ನ 300 ಗ್ರಾಂ ಅಷ್ಟೇ ಉಬ್ಬುತ್ತದೆ. ಬೆಲೆ ಮಾತ್ರ ಗಗನಕ್ಕೇರುತ್ತದೆ, ಕೈಗೆ ಉಳಿಯುವುದು 100 ಗ್ರಾಂ. ಆ 100 ಗ್ರಾಂ ಅನ್ನು ನಿಮ್ಮ ಚೀಲದಲ್ಲಿರುವ ಮೂರನೆಯ ಜೊತೆ ಅಂಗಿಯನ್ನು ಮನೆಯಲ್ಲಿ ಬಿಟ್ಟು ಪುಕ್ಕಟೆಯಾಗಿ ಗಳಿಸಬಹುದು. ಬಜೆಟ್ ಬಿಗಿಯಿದ್ದವರಿಗೆ 600ರಿಂದ 650 ಫಿಲ್ ಧಾರಾಳವಾಗಿ ಸಾಕು.

ಪ್ರಶ್ನೆ (ಮತ್ತೊಬ್ಬ ಸದಸ್ಯೆ): ಡೌನ್ ಒದ್ದೆಯಾದರೆ ಕೆಲಸಕ್ಕೆ ಬರುವುದಿಲ್ಲ ಎಂದು ಎಲ್ಲರೂ ಹೆದರಿಸುತ್ತಾರೆ. ಶರತ್ಕಾಲದಲ್ಲಿ ಮಳೆ, ಇಬ್ಬನಿ ಎರಡೂ ಇರುತ್ತವಲ್ಲ?

ಉತ್ತರ: ಮಳೆಗೆ ಬ್ಯಾಗ್ ನೆನೆಯುವುದು ಅಪರೂಪ. ಬೆನ್ನುಚೀಲದ ಒಳಗಡೆ ಗಟ್ಟಿ ಪ್ಲಾಸ್ಟಿಕ್ ಚೀಲ ಹಾಕಿ ಅದರಲ್ಲಿಟ್ಟರೆ ಮುಗಿಯಿತು. ತೊಂದರೆ ಕೊಡುವುದು ಟೆಂಟ್‌ನ ಒಳಗೋಡೆಯ ಹನಿ. ನಿಮ್ಮ ಉಸಿರಿನ ತೇವವೇ ತಣ್ಣನೆಯ ಬಟ್ಟೆಗೆ ತಾಗಿ ನೀರಾಗುತ್ತದೆ, ಬ್ಯಾಗ್‌ನ ಕಾಲಿನ ತುದಿ ಗೋಡೆಗೆ ಒರಗಿ ಆ ನೀರನ್ನು ಹೀರುತ್ತದೆ. ಬೆಳಿಗ್ಗೆ ಕಾಲಿನ ಭಾಗವನ್ನು ಹಿಸುಕಿ ನೋಡಿ. ಉಳಿದ ಕಡೆ ಉಬ್ಬಿರುವ ಬ್ಯಾಗ್ ಅಲ್ಲಿ ಮಾತ್ರ ಬೆರಳಿಗೆ ತೆಳ್ಳಗೆ, ಜಡವಾಗಿ ಸಿಗುತ್ತದೆ. ಟೆಂಟ್‌ನ ಕಿಂಡಿಗಳನ್ನು ತೆರೆದಿಡಿ, ಮಳೆಯಂಗಿಯನ್ನು ಕಾಲಿನ ಭಾಗದ ಮೇಲೆ ಹೊದಿಸಿ, ಮಧ್ಯಾಹ್ನ ಬಿಸಿಲು ಬಂದಾಗ ಅರ್ಧ ಗಂಟೆ ಹರವಿ. ಮುಖವನ್ನು ಬ್ಯಾಗ್‌ನೊಳಗೆ ಹುದುಗಿಸಿ ಉಸಿರಾಡುವ ಅಭ್ಯಾಸವಿದ್ದರೆ ಬಿಟ್ಟುಬಿಡಿ, ಆ ತೇವವೆಲ್ಲ ಡೌನ್‌ಗೇ ಸೇರುತ್ತದೆ. ಸತತ ಮಳೆಯಲ್ಲಿ, ಒಣಗಿಸಲು ಅವಕಾಶವೇ ಇಲ್ಲದೆ ಹಲವು ದಿನ ನಡೆಯುವವರು ಸಿಂಥೆಟಿಕ್ ಒಯ್ಯುವುದೇ ಜಾಣತನ. ಅದೂ ಒದ್ದೆಯಾದರೆ ಹಿತವೇನಲ್ಲ, ಆದರೆ ಪೂರ್ತಿ ಕೈಕೊಡುವುದಿಲ್ಲ.

ಪ್ರಶ್ನೆ (ಅದೇ ಸದಸ್ಯೆ): ಸೆಕೆಂಡ್ ಹ್ಯಾಂಡ್ ಡೌನ್ ಬ್ಯಾಗ್ ಕೊಳ್ಳಬಹುದೇ?

ಉತ್ತರ: ಕೊಳ್ಳಬಹುದು, ಫೋಟೋ ನೋಡಿ ಮಾತ್ರ ಬೇಡ. ಚೀಲದಿಂದ ಹೊರತೆಗೆದು, ಕೊಡವಿ, ಒಂದು ಗಂಟೆ ಹರವಿಡಲು ಹೇಳಿ. ಆಮೇಲೆ ಟಾರ್ಚ್ ಒಳಗೆ ಹಿಡಿದು, ಕೋಣೆಯ ದೀಪ ಆರಿಸಿ, ಡೌನ್ ತುಂಬಿದ ಒಂದೊಂದೇ ಗೂಡನ್ನು ನೋಡುತ್ತ ಬನ್ನಿ. ಎದೆ ಮತ್ತು ಕಾಲಿನ ಭಾಗದಲ್ಲಿ ಬೆಳಕು ಸಲೀಸಾಗಿ ಹಾಯ್ದರೆ ಅಲ್ಲಿ ಡೌನ್ ಉಳಿದಿಲ್ಲ. ಬೆರಳಿಗೆ ಉಂಡೆಗಳು ಸಿಕ್ಕರೆ ಬೆವರು, ಎಣ್ಣೆ ಹಿಡಿದಿದೆ ಎಂದರ್ಥ. ಅದು ತೊಳೆದರೆ ಹೆಚ್ಚಾಗಿ ಸರಿಹೋಗುತ್ತದೆ. ಬೂಸಲು ವಾಸನೆ ಇದ್ದರೆ ಎದ್ದು ಬನ್ನಿ. ಜಿಪ್ ಅನ್ನು ತುದಿಯಿಂದ ತುದಿಗೆ ಎಳೆದು ನೋಡಿ, ಅದರ ಹಲ್ಲು ಹೋಗಿದ್ದರೆ ದುರಸ್ತಿಯ ಖರ್ಚು ನೀವು ಉಳಿಸಿದ್ದನ್ನು ನುಂಗುತ್ತದೆ. ಹೊಸದಾಗಲಿ ಹಳೆಯದಾಗಲಿ, ಹೊಲಿಗೆ ಒಳಬಟ್ಟೆ ಹೊರಬಟ್ಟೆ ಎರಡನ್ನೂ ಸೇರಿಸಿ ಹಾಯ್ದಿದ್ದರೆ ಆ ಗೆರೆಯುದ್ದಕ್ಕೂ ಚಳಿ ನುಗ್ಗುತ್ತದೆ. ಬೇಸಿಗೆಯ ಬ್ಯಾಗ್‌ಗೆ ಅದು ಸರಿ, ಸೊನ್ನೆಯ ಹತ್ತಿರದ ರಾತ್ರಿಗೆ ಒಳಗೆ ಅಡ್ಡಗೋಡೆಯಿರುವ ಗೂಡುಗಳೇ ಬೇಕು.

ಪ್ರಶ್ನೆ (ಹಗುರ ಚಾರಣದ ಸದಸ್ಯರು): ಕ್ವಿಲ್ಟ್ ಬಗ್ಗೆ ಒಂದು ಮಾತು?

ಉತ್ತರ: ಬೆನ್ನಿನ ಕೆಳಗೆ ಚಪ್ಪಟೆಯಾಗುವ ಭಾಗ ದಂಡವಾದ್ದರಿಂದ ಅದನ್ನೇ ಕತ್ತರಿಸಿ ತೆಗೆದ ಬ್ಯಾಗ್ ಅದು. ಜಿಪ್ ಇಲ್ಲ, ತಲೆಯ ಮುಸುಕಿಲ್ಲ, ಹಾಗಾಗಿ ಹಗುರ, ಅನೇಕ ಸಲ ಅಗ್ಗವೂ ಹೌದು. ಅಲುಗಾಡದೆ ಮಲಗುವವರಿಗೆ ಬಹಳ ಒಳ್ಳೆಯದು. ರಾತ್ರಿಯಿಡೀ ಹೊರಳಾಡುವವರಿಗೆ ಪ್ರತಿ ಹೊರಳಿಗೂ ಬೆನ್ನಿಗೆ ತಣ್ಣನೆಯ ಗಾಳಿ ಸೋಕುತ್ತದೆ. ಮೊದಲ ಪ್ರಶ್ನೆ ಕೇಳಿದವರಿಗೆ ನಾನಂತೂ ಹೇಳುವುದಿಲ್ಲ.

ಪ್ರಶ್ನೆ (ಮೊದಲು ಕೇಳಿದವರು): ಧನ್ಯವಾದ, ಮೇಡಂ. ಸಿಂಥೆಟಿಕ್ ಬ್ಯಾಗ್, ಆರ್-ವ್ಯಾಲ್ಯೂ 3ಕ್ಕಿಂತ ಹೆಚ್ಚಿನ ಮ್ಯಾಟ್ ಎಂದು ನಿರ್ಧರಿಸಿದೆ. ಕಂಫರ್ಟ್ 5ರಿಂದ 1ಕ್ಕೆ ಇಳಿಯಲು ಇನ್ನೇನು ಮಾಡಲಿ? ಒಳಗೆ ಹಾಕುವ ಲೈನರ್ ಹತ್ತು ಡಿಗ್ರಿ ಹೆಚ್ಚಿಸುತ್ತದೆ ಎಂದು ಜಾಹೀರಾತಿನಲ್ಲಿದೆ.

ಉತ್ತರ: ಜಾಹೀರಾತಿನ ಹತ್ತನ್ನು ಎರಡು ಮೂರು ಎಂದು ಓದಿಕೊಳ್ಳಿ. ತೆಳು ರೇಷ್ಮೆಯ ಲೈನರ್ ಬ್ಯಾಗನ್ನು ಸ್ವಚ್ಛವಾಗಿಡುತ್ತದೆ, ಅದಕ್ಕಾಗಿ ಬೇಕಾದರೆ ಕೊಳ್ಳಿ. ಬೆಚ್ಚಗಿರಲು ಹೇಗೂ ಸಂಜೆಗೆ ಒಯ್ಯುವ ಜಾಕೆಟ್ ಅನ್ನೇ ತೊಟ್ಟು ಮಲಗಿ ಅಥವಾ ಬ್ಯಾಗ್‌ನ ಮೇಲೆ ಎದೆಯ ಭಾಗಕ್ಕೆ ಹೊದ್ದುಕೊಳ್ಳಿ. ಒಳಗೆ ತೊಟ್ಟರೆ ಬ್ಯಾಗ್ ಬಿಗಿಯಾಗಬಾರದು. ಬಿಗಿಯಾದರೆ ತುಂಬುವಸ್ತು ಅದುಮಿ ಹೋಗಿ ಜಾಕೆಟ್‌ನ ಲಾಭ ಅಲ್ಲೇ ಕಳೆಯುತ್ತದೆ. ತಲೆಗೆ ಉಣ್ಣೆಯ ಟೋಪಿ, ಮಲಗಲೆಂದೇ ಮೀಸಲಿಟ್ಟ ಒಣಗಿದ ಸಾಕ್ಸ್ ಇರಲಿ. ಹಗಲಿಡೀ ನಡೆದ ಬೆವರಿನ ಬಟ್ಟೆಯಲ್ಲಿ ಒಳಗೆ ಸೇರಬೇಡಿ. ಮಲಗುವ ಮುನ್ನ ಚೆನ್ನಾಗಿ ಊಟ ಮಾಡಿ, ಮುಚ್ಚಳ ಭದ್ರವಾಗಿರುವ ಬಾಟಲಿಗೆ ಬಿಸಿನೀರು ತುಂಬಿ ಬಟ್ಟೆ ಸುತ್ತಿ ತೊಡೆಗಳ ನಡುವೆ ಇಟ್ಟುಕೊಳ್ಳಿ. ನಡುರಾತ್ರಿ ಮೂತ್ರಕ್ಕೆ ಹೋಗಬೇಕೆನಿಸಿದರೆ ಸೋಮಾರಿತನ ಮಾಡದೆ ಎದ್ದು ಹೋಗಿ ಬನ್ನಿ, ತಡೆದುಕೊಂಡು ಮಲಗಿದರೆ ನಿದ್ದೆ ಹತ್ತುವುದಿಲ್ಲ.

ಕೊಳ್ಳುವಾಗ ಉದ್ದವನ್ನೂ ನೋಡಿ. ಬ್ಯಾಗ್‌ನ ಒಳಗೆ ಮಲಗಿ ಕಾಲು ಚಾಚಿದಾಗ ಬೆರಳುಗಳು ತುದಿಗೆ ಒತ್ತಬಾರದು. ಹಿಂದಿರುಗಿಸುವ ಅವಧಿ ಮುಗಿಯುವ ಮೊದಲು, ಬೆಲೆಚೀಟಿ ಕೀಳದೆ, ಮನೆಯ ನೆಲದಲ್ಲಿ ಹೊಸ ಮ್ಯಾಟ್ ಹಾಸಿ, ಜಾಕೆಟ್ ತೊಟ್ಟು, ಕಿಟಕಿ ತೆರೆದು ಒಂದು ರಾತ್ರಿ ಮಲಗಿ ನೋಡಿ. ಭುಜ ಬಿಗಿಯೆನಿಸಿದರೆ, ಜಿಪ್ ಬಟ್ಟೆಗೆ ಸಿಕ್ಕಿಕೊಳ್ಳುತ್ತಿದ್ದರೆ ಮರುದಿನವೇ ಬದಲಾಯಿಸಿ.