ಅಪ್‌ಡೇಟ್: ಆಸ್ಪತ್ರೆಯ ಟ್ರೇನಿ ಕೆಲಸಕ್ಕೆ ಸೇರಿದೆ

ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಆಸ್ಪತ್ರೆಯ ಯಂತ್ರಗಳನ್ನು ನೋಡಿಕೊಳ್ಳುವ ಬಯೋಮೆಡಿಕಲ್ ವಿಭಾಗಕ್ಕೆ ಟ್ರೇನಿಯಾಗಿ ಸೇರಬಹುದಾ ಎಂದು ಕೇಳಿದ್ದೆ. ರಿಪೇರಿಯೆಲ್ಲ ಕಂಪನಿಯವರೇ ಮಾಡಿದರೆ ನಾನು ಕಲಿಯುವುದೇನು ಎಂಬ ಭಯ ಇತ್ತು. ಸೇರಿದೆ. ಧೈರ್ಯ ಹೇಳಿದ ಎಲ್ಲರಿಗೂ ಥ್ಯಾಂಕ್ಸ್.

ಎಂಆರ್‌ಐ, ಸಿಟಿ ಯಂತ್ರಗಳನ್ನು ಕಂಪನಿಯವರೇ ನೋಡಿಕೊಳ್ಳುತ್ತಾರೆ, ಅದು ನಿಜ. ಆದರೆ ರೋಗಿಯ ನಾಡಿ, ಆಕ್ಸಿಜನ್ ತೋರಿಸುವ ಮಾನಿಟರ್, ಔಷಧಿಯನ್ನು ನಿಧಾನವಾಗಿ ಹರಿಸುವ ಸಿರಿಂಜ್ ಪಂಪ್, ಲಯ ತಪ್ಪಿದ ಹೃದಯಕ್ಕೆ ಶಾಕ್ ಕೊಡುವ ಡಿಫಿಬ್ರಿಲೇಟರ್ ನಮ್ಮ ಕೈಗೇ ಬರುತ್ತವೆ. ಡಿಫಿಬ್ರಿಲೇಟರ್ ಪರೀಕ್ಷೆ ನನಗೆ ತುಂಬಾ ಇಷ್ಟ. ರೋಗಿಯ ಎದೆಯ ಬದಲು, ಶಾಕ್ ಅಳೆಯುವ ಅನಲೈಸರ್ ಎಂಬ ಉಪಕರಣದಲ್ಲಿ 50 ಓಮ್ ಲೋಡ್ (ರೆಸಿಸ್ಟರ್) ಇರುತ್ತದೆ. 200 ಜೌಲ್‌ಗೆ ಚಾರ್ಜ್ ಮಾಡಿ ಅದಕ್ಕೆ ಶಾಕ್ ಕೊಡುತ್ತೇವೆ. ಅಳೆದ ಶಕ್ತಿ 200 ಜೌಲ್‌ಗಿಂತ ಶೇ 15ಕ್ಕೂ ಜಾಸ್ತಿ ಆಚೀಚೆ ಆದರೆ ಯಂತ್ರ ವಾರ್ಡಿಗೆ ಹೋಗುವಂತಿಲ್ಲ. ಪ್ಲಗ್ ತೆಗೆದು ಬರೀ ಬ್ಯಾಟರಿಯಲ್ಲೂ ಚಾರ್ಜ್ ಮಾಡಿ ನೋಡಬೇಕು. ಓಡುವ ಗಡಿಬಿಡಿಯಲ್ಲಿ ಯಾರೂ ಸಾಕೆಟ್ ಹುಡುಕುವುದಿಲ್ಲ, ಅಲ್ವಾ?

ಜಾಸ್ತಿ ಬರುವ ದೂರು ಮಾತ್ರ 'ಆಕ್ಸಿಜನ್ ರೀಡಿಂಗ್ ಬರ್ತಿಲ್ಲ' ಎಂಬುದು. ಬೆರಳಿಗೆ ಹಾಕುವ ಕ್ಲಿಪ್, ಅಂದರೆ ಪ್ರೋಬ್, 660 ಮತ್ತು 940 ನ್ಯಾನೋಮೀಟರ್ ಆಸುಪಾಸಿನ ಎರಡು ಬೆಳಕು ಹಾಯಿಸಿ ಅಳೆಯುತ್ತದೆ. ತಣ್ಣಗಾದ ಬೆರಳು, ನೇಲ್ ಪಾಲಿಶ್, ಕನೆಕ್ಟರ್ ಬಳಿ ಒಳಗೇ ತುಂಡಾದ ವೈರ್, ಮೊದಲು ಇವನ್ನು ನೋಡುತ್ತೇನೆ. ಸುಮ್ನೆ ಮಾನಿಟರ್ ಬಿಚ್ಚುವ ಅಗತ್ಯವೇ ಬರುವುದಿಲ್ಲ. ಇದನ್ನು ಕಲಿಸಿದ್ದು ಐಸಿಯು ನರ್ಸ್‌ಗಳು. ಅವರ ಮಾತನ್ನು ಪೂರ್ತಿ ಕೇಳಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಸ್ಟೈಪೆಂಡ್ ಕಡಿಮೆಯೇ. ಆದರೂ ಬಿಡುವುದಿಲ್ಲ. ಈಗ ವೆಂಟಿಲೇಟರ್‌ನ ಆಕ್ಸಿಜನ್ ಸೆನ್ಸರ್ ಬದಲಿಸಿ, ಶೇ 21 (ಮಾಮೂಲಿ ಗಾಳಿ) ಮತ್ತು ಶೇ 100 (ಶುದ್ಧ ಆಕ್ಸಿಜನ್) ಎರಡರಲ್ಲೂ ಕ್ಯಾಲಿಬ್ರೇಟ್ ಮಾಡುವುದನ್ನು, ಅಂದರೆ ರೀಡಿಂಗ್ ಸರಿಹೊಂದಿಸುವುದನ್ನು, ಕಲಿಯುತ್ತಿದ್ದೇನೆ.