ಮಾಜಿ ಸೈನಿಕರು, ಊರಾಗ ಅಂಗಡಿನೂ ಐತಿ: ಗ್ರಾಮ ಪಂಚಾಯ್ತಿಗೆ ನಿಲ್ಲಾಕ ಏನೇನು ಅಡ್ಡಿ?

ಹೊಂಗಲದ ಹುಡುಗ:
ಬೈಲಹೊಂಗಲ ತಾಲ್ಲೂಕಿನ ನಮ್ಮ ಊರಾಗ ಒಬ್ಬ ಮಾಜಿ ಹವಾಲ್ದಾರರು ಗ್ರಾಮ ಪಂಚಾಯ್ತಿಗೆ ನಿಲ್ಲಬೇಕಂತಾರ. ಪಿಂಚಣಿ ಬರ್ತೈತಿ. ಹಾರ್ಡ್‌ವೇರ್ ಅಂಗಡಿ ಐತಿ, ಬೋರ್ ಮೋಟರ್ ರಿಪೇರಿನೂ ಮಾಡ್ತಾರ. ಪಂಚಾಯ್ತಿ ನೀರಿನ ಮೋಟರ್ ಸುಟ್ಟರ ಅವರ ಅಂಗಡಿಗೇ ಬರೂದು. ಪಿಂಚಣಿ ತಗೊಳ್ಳಾವ್ರು ನಿಲ್ಲಾಕ ಬರೂದಿಲ್ಲ ಅಂತ ಎದುರಿನವರು ಸುದ್ದಿ ಹಬ್ಬಿಸ್ಯಾರ. ಖರೇ ಏನ್ರಿ? ಮಾಜಿ ಸೈನಿಕರಿಗೆ ಮೀಸಲಾತಿ ಏನರ ಐತೇನು? ಬ್ಯಾನರಿಗೆ ಯೂನಿಫಾರ್ಮ್ ಫೋಟೊ ಹಾಕಬಹುದೇನು?

ಠರಾವು ಪುಸ್ತಕ:
ಪಿಂಚಣಿ ಅಡ್ಡಿಯಲ್ಲ. ಕಾಯ್ದೆ ತಡೆಯುವುದು ಸರ್ಕಾರದ ಲಾಭದಾಯಕ ಹುದ್ದೆಯಲ್ಲಿ ಇರುವವರನ್ನು, ಪಿಂಚಣಿ ಹುದ್ದೆಯಲ್ಲ. ನಿವೃತ್ತಿಯ ನಂತರ ರಕ್ಷಣಾ ಭದ್ರತಾ ದಳಕ್ಕೆ (ಡಿಎಸ್‌ಸಿ) ಸೇರಿದ್ದರೆ ಅಥವಾ ಮಾಜಿ ಸೈನಿಕರ ಕೋಟಾದಲ್ಲಿ ಸರ್ಕಾರಿ ನೌಕರಿ ಹಿಡಿದಿದ್ದರೆ ಮಾತು ಬೇರೆ. ಆಗ ರಾಜೀನಾಮೆ ಅಂಗೀಕಾರವಾದ ಪತ್ರ ಕೈಗೆ ಬಂದ ಮೇಲೆಯೇ ನಾಮಪತ್ರ. ಸದಸ್ಯ ಸ್ಥಾನಗಳಲ್ಲಿ ಮಾಜಿ ಸೈನಿಕರಿಗೆ ಮೀಸಲಾತಿ ಇಲ್ಲ. ನೌಕರಿಯ ಮೀಸಲಾತಿಯನ್ನು ಇದಕ್ಕೆ ತಂದು ಅಂಟಿಸುವವರ ಮಾತು ಕೇಳಬೇಡಿ.

ಅವರ ನಿಜವಾದ ತೊಡಕು ಇರುವುದು ಆ ಸುಟ್ಟ ಮೋಟರಿನಲ್ಲಿ. 1993ರ ಪಂಚಾಯತ್ ರಾಜ್ ಕಾಯ್ದೆಯ 12ನೇ ಪ್ರಕರಣ ಓದಿ. ಪಂಚಾಯ್ತಿಯ ಕೆಲಸದಲ್ಲಿ, ಗುತ್ತಿಗೆಯಲ್ಲಿ ನೇರವಾಗಲಿ ಪರೋಕ್ಷವಾಗಲಿ, ಪಾಲುದಾರನ ಮೂಲಕವಾಗಲಿ ಹಿತಾಸಕ್ತಿ ಇದ್ದರೆ ಅನರ್ಹತೆ. ರಿವೈಂಡಿಂಗ್ ಬಿಲ್ಲು, ಪೈಪು, ವಾಲ್ವು, ಸ್ಟಾರ್ಟರು ಯಾವುದೇ ಇರಲಿ, ವೋಚರಿನಲ್ಲಿ ಅಂಗಡಿ ಹೆಸರು ಬಂದಿರುತ್ತದೆ. ಆ ಪಾವತಿ ಪಂಚತಂತ್ರ ತಂತ್ರಾಂಶದಲ್ಲಿ ಕೂತಿರುತ್ತದೆ. ಉದ್ಯೋಗ ಖಾತ್ರಿಗೆ ಸಿಮೆಂಟು, ಕಬ್ಬಿಣ ಕೊಟ್ಟಿದ್ದರೆ ಸಾಮಗ್ರಿ ಪೂರೈಸಿದವರ ಹೆಸರು ಜಾಲತಾಣದಲ್ಲೇ ಇದೆ. ಎದುರಾಳಿ ಮೊದಲು ತೆಗೆಯುವುದು ಆ ಪುಟವನ್ನೇ.

ಹಾಗಾಗಿ ಅಧಿಸೂಚನೆ ಬರುವ ಮೊದಲೇ ರಿಪೇರಿಗೆ ಬಂದ ಮೋಟರುಗಳನ್ನು ವಾಪಸ್ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಲಿ. ಬಾಕಿ ಬಿಲ್ಲು ಚುಕ್ತಾ ಮಾಡಿಸಲಿ. ವಾರ್ಷಿಕ ದರಪಟ್ಟಿ ಒಪ್ಪಂದ ಇದ್ದರೆ ಲಿಖಿತವಾಗಿ ರದ್ದು ಮಾಡಿಸಿ, ‘ಯಾವುದೇ ಗುತ್ತಿಗೆ, ಪೂರೈಕೆ ಚಾಲ್ತಿಯಲ್ಲಿಲ್ಲ’ ಎಂದು ಪಿಡಿಒ ಅವರಿಂದ ಪತ್ರ ಪಡೆಯಲಿ. ಬಾಯಿಮಾತಿಗೆ ನಾಮಪತ್ರ ಪರಿಶೀಲನೆಯಲ್ಲಿ ಬೆಲೆ ಇಲ್ಲ.

ಜೊತೆಗೆ ಮನೆ, ಅಂಗಡಿ ಎರಡರ ಕರ, ನೀರಿನ ಕರ ತುಂಬಿದ ರಸೀದಿ. ಮನೆಯಲ್ಲಿ ಶೌಚಾಲಯ ಇಲ್ಲದಿದ್ದರೂ ಅನರ್ಹತೆ ಬರುತ್ತದೆ. ಕೆಲವರಿಗೆ ಇದು ಇನ್ನೂ ತಮಾಷೆ ಅನಿಸುತ್ತದೆ.

ಮಲಪ್ರಭಾ ದಂಡಿ:
ಮೇಲಿನವರು ಮತದಾರರ ಪಟ್ಟಿ ಬಿಟ್ಟರು. ಸೈನ್ಯದಾಗ ಇದ್ದಾಗ ಹೆಸರು ಸೇವಾ ಮತದಾರರ ಪಟ್ಟ್ಯಾಗ ಇರತೈತಿ. ಡಿಸ್ಚಾರ್ಜ್ ಆದ ಕೂಡಲೇ ಅದು ತಾನಾಗೇ ಊರಿನ ಪಟ್ಟಿಗೆ ಬರೂದಿಲ್ಲ. ನಮೂನೆ 6 ತುಂಬಿ ಮತಗಟ್ಟೆ ಅಧಿಕಾರಿ (ಬಿಎಲ್‌ಒ) ಕೈಯಾಗ ಕೊಡಬೇಕು. ಗಂಡನ ಜೋಡಿ ಸೇವಾ ಮತದಾರ ಅಂತ ಸೇರಿದ್ದರ ಹೆಂಡತಿ ಹೆಸರಿಗೂ ಇದ ಕತಿ. ಪಂಚಾಯ್ತಿ ಪಟ್ಟಿ ತಯಾರಾಗೂದು ವಿಧಾನಸಭಾ ಪಟ್ಟಿ ಮ್ಯಾಲ, ಅಲ್ಲಿ ಇಲ್ಲಂದ್ರ ಇಲ್ಲೂ ಇಲ್ಲ. ಹೆಸರಿಲ್ಲದ ಅಭ್ಯರ್ಥಿ ಎಷ್ಟು ಮೆಡಲ್ ಇದ್ರೂ ಅಭ್ಯರ್ಥಿ ಅಲ್ಲ.

ಮೀಸಲು ಸೀಟಿಗೆ ನಿಂತರ ಜಾತಿ ಪ್ರಮಾಣಪತ್ರ ತಹಶೀಲ್ದಾರರದ್ದೇ ಆಗಬೇಕು. ಡಿಸ್ಚಾರ್ಜ್ ಬುಕ್ಕಿನಾಗ ಜಾತಿ ಬರೆದಿದ್ರೂ ಅದು ನಡೆಯೂದಿಲ್ಲ. ನಾಡಕಚೇರಿಗೆ ಈಗ ಅರ್ಜಿ ಹಾಕ್ರಿ, ಕಡೀ ವಾರದಾಗ ಅಲ್ಲ. 2020ರ ಪಂಚಾಯ್ತಿ ಚುನಾವಣಿ ಮೊದಲ ಹಂತ ನೋಡ್ರಿ: ಡಿಸೆಂಬರ್ 7ಕ್ಕ ಅಧಿಸೂಚನೆ, 11ಕ್ಕ ನಾಮಪತ್ರ ಮುಗೀತು, 12ಕ್ಕ ಪರಿಶೀಲನೆ, 14ಕ್ಕ ವಾಪಸ್, 22ಕ್ಕ ಮತದಾನ. ನಾಮಪತ್ರಕ್ಕ ಐದು ದಿನ ಅಷ್ಟ. ಅಷ್ಟರಾಗ ಯಾವ ಕಾಗದನೂ ಹುಟ್ಟೂದಿಲ್ಲ.

ಹೊಂಗಲದ ಹುಡುಗ:
ಅಂಗಡಿ ಮಗನ ಹೆಸರಿಗೆ ಮಾಡಿದ್ರ ಆತಲ್ಲ ಅಂತಾರ್ರಿ.

ಠರಾವು ಪುಸ್ತಕ:
ಆಗುವುದಿಲ್ಲ. ‘ಪರೋಕ್ಷವಾಗಿ’ ಎಂಬ ಶಬ್ದ ಕಾಯ್ದೆಯಲ್ಲಿ ಇರುವುದೇ ಇದಕ್ಕೆ. ಒಂದೇ ಮನೆ, ಒಂದೇ ಗಲ್ಲಾ, ಹಿಂದಿನ ಮೂರು ವರ್ಷದ ಬಿಲ್ಲು ಅಪ್ಪನ ಹೆಸರಲ್ಲಿ, ಈ ತಿಂಗಳಿಂದ ಮಗನ ಹೆಸರಲ್ಲಿ ಅಂದರೆ ಎದುರಿನ ವಕೀಲನಿಗೆ ಅರ್ಧ ಕೆಲಸ ನೀವೇ ಮಾಡಿಕೊಟ್ಟಂತೆ. ನಮ್ಮ ಬೆಳಗಾವಿ ಮಹಾನಗರ ಪಾಲಿಕೆಯಲ್ಲೇ, ತಿನಿಸುಕಟ್ಟೆಯ (ತಿಂಡಿ ಅಂಗಡಿಗಳ ಸಾಲು) ಮಳಿಗೆಗಳು ಹೆಂಡತಿಯರ ಹೆಸರಲ್ಲಿ ಇದ್ದವು ಎಂಬ ದೂರಿನ ಮೇಲೆ 2025ರ ಫೆಬ್ರುವರಿಯಲ್ಲಿ ಪ್ರಾದೇಶಿಕ ಆಯುಕ್ತರು ಇಬ್ಬರು ಸದಸ್ಯರ ಸದಸ್ಯತ್ವ ರದ್ದುಪಡಿಸಿದ್ದರು. ಅದು ಪಾಲಿಕೆಯ ಕಾಯ್ದೆ, ಇದು ಪಂಚಾಯ್ತಿಯದ್ದು, ಆದರೆ ತರ್ಕ ಒಂದೇ.

ಗೆದ್ದ ಮೇಲೂ ಪಂಚಾಯ್ತಿಗೆ ಮಾಲು ಕೊಡುವಂತಿಲ್ಲ. ಐದು ವರ್ಷ ಆ ಗಿರಾಕಿಯನ್ನು ಬಿಡಲು ತಯಾರಿದ್ದಾರಾ ಅಂತ ಮೊದಲು ಕೇಳಿ. ಸಣ್ಣ ಊರಿನಲ್ಲಿ ಅದೇ ದೊಡ್ಡ ಗಿರಾಕಿ ಆಗಿರುತ್ತದೆ.

ಕ್ಯಾಂಪ್ ಏರಿಯಾ:
ಯೂನಿಫಾರ್ಮ್ ಫೋಟೊ ಬೇಡ. ಸೈನಿಕರ ಫೋಟೊಗಳನ್ನು ಪ್ರಚಾರಕ್ಕೆ ಬಳಸಬೇಡಿ ಎಂದು ಕೇಂದ್ರ ಚುನಾವಣಾ ಆಯೋಗ 2013ರಲ್ಲಿ ಪಕ್ಷಗಳಿಗೆ ಹೇಳಿತ್ತು, 2019ರ ಮಾರ್ಚ್‌ನಲ್ಲಿ ಮತ್ತೆ ನೆನಪಿಸಿತು. ಪಂಚಾಯ್ತಿ ಚುನಾವಣೆ ರಾಜ್ಯ ಆಯೋಗದ್ದಾದರೂ ದೂರು ಕೊಡುವವರಿಗೆ ಅಷ್ಟು ಸಾಕು. ರೆಜಿಮೆಂಟಿನ ಲಾಂಛನವೂ ಬೇಡ. ಬಿಳಿ ಅಂಗಿ, ಹೆಸರಿನ ಕೆಳಗೆ ‘ಮಾಜಿ ಸೈನಿಕ’, ಮುಗಿಯಿತು. ಜೊತೆಗೆ ಓಡಾಡುವ ಹುಡುಗರಿಗೂ ಮಿಲಿಟರಿ ಬಟ್ಟೆ ಹಾಕಿಸಬೇಡಿ. ಸೈನಿಕನಲ್ಲದವನು ಸೈನಿಕ ಎಂದು ನಂಬಿಸಲು ಆ ವೇಷ ಹಾಕಿದರೆ ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್) 168ರಲ್ಲಿ ಮೂರು ತಿಂಗಳವರೆಗೆ ಸಜೆ ಇದೆ.

ಲೈಸೆನ್ಸಿನ ಬಂದೂಕು ಇದೆಯೇ ಕೇಳಿ. ಡಿಸಿ ಆದೇಶ ಹೊರಡಿಸಿದರೆ ಠಾಣೆಯಲ್ಲಿ ಇಟ್ಟು ರಸೀದಿ ತರಬೇಕು. ಮಾಜಿ ಸೈನಿಕರು ಮರೆಯುವುದು ಇದನ್ನೇ, ಮತ್ತೆ ಕೇಸು ಬೀಳುವುದು ಅಭ್ಯರ್ಥಿ ಮೇಲೆ.

ಅಂಗಡಿ ಮುಂದೆ ಚಹಾ, ಚುರುಮುರಿ ಹಂಚುವುದೂ ಮತಕ್ಕಾಗಿ ಅಂತಾದರೆ ಲಂಚವೇ. ಉದ್ದರಿ ಪುಸ್ತಕದ ಬಾಕಿ ಮನ್ನಾ ಮಾಡಿದರಂತೂ ಇನ್ನೂ ಕೆಟ್ಟದ್ದು, ಅದು ಅವರದೇ ಕೈಬರಹದ ಸಾಕ್ಷಿ.

ಮಲಪ್ರಭಾ ದಂಡಿ:
ಇನ್ನೊಂದು. ಪಂಚಾಯ್ತಿ ಚುನಾವಣಿ ಪಕ್ಷದ ಚಿಹ್ನೆ ಮ್ಯಾಲ ನಡೆಯೂದಿಲ್ಲ, ಬ್ಯಾನರ್‌ನಾಗ ಯಾವ ಪಕ್ಷದ ಬಾವುಟನೂ ಬರಬಾರದು. ಸೂಚಕರು ಅದೇ ವಾರ್ಡಿನ ಮತದಾರ ಇರಬೇಕು. ವಾರ್ಡಿನಾಗ ಮೂರು ಸೀಟಿದ್ರ ಒಬ್ಬ ಮತದಾರನಿಗೆ ಮೂರು ಮತ, ಆದ್ರ ಒಬ್ಬ ಅಭ್ಯರ್ಥಿಗೆ ಒಂದಕ್ಕಿಂತ ಹೆಚ್ಚು ಹಾಕಾಕ ಬರೂದಿಲ್ಲ. ಅದಕ್ಕ ಮನಿಮನಿಗೆ ಹೋದಾಗ ‘ಬ್ಯಾರೆಯವರಿಗೆ ಹಾಕಬ್ಯಾಡ್ರಿ’ ಅನ್ನೂದು ಬ್ಯಾಡ. ‘ಮೂರರಾಗ ಒಂದು ನಮಗ’ ಅಂದ್ರ ಭಾಂವಕಿ (ದಾಯಾದಿ) ಮಂದಿನೂ ಹೂಂ ಅಂತಾರ.